ನಿಮಿರು ದೌರ್ಬಲ್ಯವು ಹೃದ್ರೋಗದ ಮುನ್ಸೂಚನೆ ಆಗಿರಬಹುದೇ?

ನಿಮಗೆ 44 ವರ್ಷ, ಒಂದು ವರ್ಷದಿಂದ ನಿಮಿರುವಿಕೆ ಕ್ರಮೇಣ ಕುಗ್ಗುತ್ತಿದೆ, ಎದೆನೋವು ಇಲ್ಲ. ಇದಕ್ಕೂ ಹೃದಯಕ್ಕೂ ನಿಜವಾಗಿ ಸಂಬಂಧವಿದೆಯೇ, ಮಾತ್ರೆ ತಂದು ನುಂಗಿದರೆ ಸಾಲದೇ ಎಂದು ಕೇಳಿದ್ದೀರಿ. ಹೃದ್ರೋಗಿಗಳನ್ನು ನೋಡುವ ವೈದ್ಯನಾಗಿ ಹೇಳುತ್ತೇನೆ: ಸಂಬಂಧವಿದೆ, ಆದ್ದರಿಂದ ಮಾತ್ರೆಗಿಂತ ಮೊದಲು ತಪಾಸಣೆ ಆಗಬೇಕು.

ಕಾಮೋದ್ರೇಕವಾದಾಗ ನರಗಳ ತುದಿಯಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗಿ, ನಾಳದ ಗೋಡೆಯ ಸ್ನಾಯು ಸಡಿಲಗೊಂಡು, ಶಿಶ್ನಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ. ಧೂಮಪಾನ, ಅಧಿಕ ರಕ್ತದೊತ್ತಡ, ಮಧುಮೇಹ, ಹೆಚ್ಚಿದ ಕೊಲೆಸ್ಟ್ರಾಲ್ ಇವೆಲ್ಲ ಮೊದಲು ಕೆಡಿಸುವುದು ಇದೇ ಒಳಪದರವನ್ನು, ಅದೂ ದೇಹದ ಒಂದು ಭಾಗದಲ್ಲಿ ಮಾತ್ರವಲ್ಲ. ಶಿಶ್ನದ ಅಪಧಮನಿಗಳ ಅಗಲ ಸುಮಾರು 1ರಿಂದ 2 ಮಿಲಿಮೀಟರ್, ಹೃದಯದವು 3ರಿಂದ 4 ಮಿಲಿಮೀಟರ್ ಇರುವುದರಿಂದ, ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕೊಬ್ಬು ಕಟ್ಟಿದರೂ ಕಿರಿದಾದ ನಾಳವೇ ಮೊದಲು ತೊಂದರೆ ಕೊಡುತ್ತದೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಹೃದ್ರೋಗ ಬಂದ ಅನೇಕ ಪುರುಷರಲ್ಲಿ ಎದೆನೋವಿಗೆ 2ರಿಂದ 5 ವರ್ಷ ಮೊದಲೇ ನಿಮಿರು ದೌರ್ಬಲ್ಯ ಶುರುವಾಗಿರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರನ್ನು ನಾನಾಗಿಯೇ ಕೇಳಿದಾಗ, ಹೆಂಡತಿ ಕೋಣೆಯಿಂದ ಆಚೆ ಹೋಗುವವರೆಗೆ ಕಾದು, "ಅದು ಬಹಳ ದಿನದಿಂದ ಇದೆ ಸರ್, ವಯಸ್ಸಾಯ್ತು ಅಂತ ಸುಮ್ಮನಿದ್ದೆ" ಎನ್ನುವವರಿದ್ದಾರೆ. ಆ ಸುಮ್ಮನಿದ್ದ ವರ್ಷಗಳೇ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳವು ಎಂಬ ಸಂಕಟ ನನಗೆ ಪ್ರತಿಬಾರಿಯೂ ಆಗುತ್ತದೆ.

ಬ್ರಿಟನ್ನಿನಲ್ಲಿ ಹೃದಯಾಘಾತದ ಅಪಾಯವನ್ನು ಅಂದಾಜಿಸಲು ಬಳಸುವ ಕ್ಯೂರಿಸ್ಕ್ ಲೆಕ್ಕಾಚಾರದ 2017ರ ಆವೃತ್ತಿಯಲ್ಲಿ ನಿಮಿರು ದೌರ್ಬಲ್ಯವನ್ನೂ ಒಂದು ಅಂಶವಾಗಿ ಸೇರಿಸಲಾಯಿತು. ಎಪ್ಪತ್ತು ದಾಟಿದವರಿಗಿಂತ ನಿಮ್ಮ ವಯಸ್ಸಿನವರಲ್ಲಿ ಈ ಸೂಚನೆಗೆ ತೂಕ ಹೆಚ್ಚು.

ಹಾಗೆಂದು ಎಲ್ಲ ನಿಮಿರು ದೌರ್ಬಲ್ಯವೂ ಹೃದಯದ ಕಡೆಗೆ ಬೆರಳು ತೋರಿಸುವುದಿಲ್ಲ. ತೊಂದರೆ ಇದ್ದಕ್ಕಿದ್ದಂತೆ ಶುರುವಾಗಿ, ಬೆಳಗಿನ ಜಾವದ ನಿಮಿರುವಿಕೆ ಮೊದಲಿನಂತೆಯೇ ಇದ್ದರೆ ಮಾನಸಿಕ ಒತ್ತಡವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬೇಡಿ. ನಿಮ್ಮದು ನಿಧಾನವಾಗಿ ಹೆಚ್ಚುತ್ತಿರುವುದರಿಂದ ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮತ್ತು ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನು) ಪರೀಕ್ಷೆ ಮಾಡಿಸಿ. ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂದಷ್ಟಕ್ಕೇ ಸಮಾಧಾನಪಡಬೇಡಿ, ಏಕೆಂದರೆ ನಾಳ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿ ಅದು ಸಹಜವಾಗಿಯೇ ಬರಬಹುದು. ಧೂಮಪಾನ ಬಿಡುವುದು, ದಿನವೂ ಬಿರುಸಾಗಿ ನಡೆಯುವುದು, ತೂಕ ಇಳಿಸುವುದು ಹೃದಯಕ್ಕೂ ನಿಮಿರುವಿಕೆಗೂ ಒಟ್ಟಿಗೆ ನೆರವಾಗುತ್ತವೆ.

ಮಾತ್ರೆಯ ವಿಷಯ. ನಿಮಿರುವಿಕೆಗೆ ಕೊಡುವ, ವಯಾಗ್ರಾ ಎಂದು ಪರಿಚಿತವಾದ ಸಿಲ್ಡೆನಾಫಿಲ್ ಮೊದಲು ಪರೀಕ್ಷೆಗೊಳಗಾದದ್ದೇ ಎದೆನೋವಿನ ಔಷಧವಾಗಿ, ಮತ್ತು ಸ್ಥಿರವಾಗಿರುವ ಹೃದ್ರೋಗಿಗಳಲ್ಲಿ ಹಲವರು ವೈದ್ಯರ ಸಲಹೆಯಂತೆ ಅದನ್ನು ಸುರಕ್ಷಿತವಾಗಿ ಬಳಸುತ್ತಾರೆ. ಆದರೆ ಎದೆನೋವಿಗೆ ಕೊಡುವ ನೈಟ್ರೇಟ್ ಔಷಧಗಳೊಂದಿಗೆ ಅದು ಬೆರೆತರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಸಿಲ್ಡೆನಾಫಿಲ್ ಆದ ಮೇಲೆ 24 ಗಂಟೆ, ಅದೇ ಗುಂಪಿನ ಟಡಾಲಾಫಿಲ್ ಆದರೆ 48 ಗಂಟೆಯವರೆಗೆ ನೈಟ್ರೇಟ್ ಕೊಡುವಂತಿಲ್ಲ. ಆದ್ದರಿಂದ ಆ ಅವಧಿಯಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಹೋದರೆ, ಎಷ್ಟೇ ಸಂಕೋಚವಾದರೂ, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಿದಿರಿ ಎಂಬುದನ್ನು ಮೊದಲೇ ಹೇಳಿಬಿಡಿ.