ನಂದಿ ಬೆಟ್ಟಕ್ಕೆ 10 ಸ್ಪೀಡ್ ಬೇಕಾ?

ಸೈಕಲ್ಲಿನ 3x7 (ಮುಂದೆ 3, ಹಿಂದೆ 7 ಗೇರ್) ಶಿಮಾನೊ ಟೂರ್ನಿ ಗೇರ್ ಸೆಟ್ ತೆಗೆದು 10 ಸ್ಪೀಡ್ (ಹಿಂದೆ 10 ಗೇರ್) ಶಿಮಾನೊ ಡಿಯೋರ್ ಸೆಟ್ ಹಾಕಿಸಿದರೆ ನಂದಿ ಬೆಟ್ಟ ಹತ್ತೋದು ಸುಲಭ ಆಗುತ್ತಾ ಅಂತ ಕೇಳಿದ್ದೀರಿ. ಈಗಲೇ ಬೇಡ ಸರ್. ನಿಮ್ಮದು 14-28 ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ, ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 28) ಅಂದಿದ್ದೀರಿ, ಅದು ಚಕ್ರದ ನಡುವಿನ ಹಬ್‌ಗೆ ತಿರುಚಿ ಕೂರಿಸೋದು. 10 ಸ್ಪೀಡಿನ ಗುಚ್ಛ, ಅಂದರೆ ಕ್ಯಾಸೆಟ್, ಆ ಹಬ್‌ಗೆ ಕೂರಲ್ಲ, ಹಿಂದಿನ ಚಕ್ರವನ್ನೇ ಬದಲಿಸಬೇಕು. ಆಮೇಲೆ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಗುಂಡಿ), ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸೋ ಭಾಗ), ಚೈನ್ ಬೇರೆ.

ಮೊದಲು ಚೈನ್ ಸವೆದು ಉದ್ದವಾಗಿದೆಯಾ ಅಂತ ಅಳೆಯಿರಿ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ, ಅಲ್ಲಿಂದ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. ಆ ಪಿನ್ 12 ಇಂಚಿನ ಗೆರೆಯಿಂದ 1/16 ಇಂಚು ಆಚೆ ದಾಟಿದ್ದರೆ ಚೈನ್ ಬದಲಿಸಿ. 1/8 ದಾಟಿದ್ದರೆ ಫ್ರೀವೀಲ್ ಹಲ್ಲೂ ಸವೆದಿರುತ್ತೆ. ಹಾಗಿದ್ದರೆ 7 ಸ್ಪೀಡಿನದೇ 14-34 ಹಾಕಿಸಿ, ಜೊತೆಗೆ ಸ್ವಲ್ಪ ಉದ್ದದ ಹೊಸ ಚೈನ್. 28ರಿಂದ 34ಕ್ಕೆ ಹೋದರೆ ಕಡಿದಾದ ತಿರುವುಗಳಲ್ಲಿ ಮೊಣಕಾಲಿಗೆ ನಿಜವಾಗ್ಲೂ ಆರಾಮ ಸಿಗುತ್ತೆ. ನಿಮ್ಮ ಡಿರೇಲರ್ 34 ಹಲ್ಲು ತಡೆಯುತ್ತಾ ಅಂತ ಮಾತ್ರ ಅಂಗಡಿಯಲ್ಲಿ ತೋರಿಸಿಕೊಳ್ಳಿ.