ಪೊನ್ನಮ್ಮ, ತನಿಯ, ವರ್ಗೀಸ್: ಹೆಸರು ಕೇಳಿದ ಓದುಗರಿಗೆ

ನಿಮ್ಮ ಮನೆಯ ಹೆಸರುಗಳ ಬಗ್ಗೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಕೊಡಗಿನವೇ ಹೆಚ್ಚು. ನಾನೂ ಇಲ್ಲಿಯವಳೇ, ಮಡಿಕೇರಿಯ ಸುತ್ತಮುತ್ತ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಹಾಗಾಗಿ ಈ ಸಲ ಅವಕ್ಕೇ ಜಾಗ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಮಗನಿಗೆ ಹೆಣ್ಣು ಮಗು ಹುಟ್ಟಿದೆ. ನಮ್ಮ ಅತ್ತೆಯ ಹೆಸರು ಪೊನ್ನಮ್ಮ. ಅದನ್ನೇ ಇಡೋಣವೆಂದರೆ ಸೊಸೆ ‘ಹಳೇ ಕಾಲದ ಹೆಸರು, ಅರ್ಥವೂ ಇಲ್ಲ’ ಅನ್ನುತ್ತಾಳೆ. ಮೊಬೈಲ್‌ನಲ್ಲಿ ಹುಡುಕಿ ಎರಡಕ್ಷರದ ಹೆಸರೊಂದನ್ನು ಆರಿಸಿದ್ದಾಳೆ. ಸಂಸ್ಕೃತದಲ್ಲಿ ‘ಮುಂಜಾವಿನ ಕಿರಣ’ ಎಂದು ಅರ್ಥವಂತೆ. ಏನು ಮಾಡಲಿ? (ಗೋಣಿಕೊಪ್ಪಲು)

ಉತ್ತರ: ಅರ್ಥ ಇಲ್ಲ ಅನ್ನುವ ಮಾತನ್ನು ಮೊದಲು ಇತ್ಯರ್ಥ ಮಾಡೋಣ. ಪೊನ್ ಅಂದರೆ ಚಿನ್ನ, ಕನ್ನಡದ ಹೊನ್ನು. ಹಳಗನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ಪಕಾರ ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಂಪೆ ಹಂಪೆಯಾಯಿತು. ಕೊಡವರ ಭಾಷೆಯಾದ ಕೊಡವ ತಕ್ಕ್ ಮಾತ್ರ ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಮೈಸೂರು ಕಡೆಯ ಹೊನ್ನಮ್ಮ ನಿಮ್ಮಲ್ಲಿ ಪೊನ್ನಮ್ಮ, ಅಲ್ಲಿಯ ಹೂವಯ್ಯ ಇಲ್ಲಿ ಪೂವಯ್ಯ. ಪಂಪ, ರನ್ನರ ಜೊತೆ ನಾವು ರತ್ನತ್ರಯರೆಂದು ಎಣಿಸುವ ಹತ್ತನೆಯ ಶತಮಾನದ ಕವಿಯ ಹೆಸರೂ ಪೊನ್ನ. ಸಾವಿರ ವರ್ಷದ ಹಿಂದಿನ ಉಚ್ಚಾರಣೆ ನಿಮ್ಮ ಅತ್ತೆಯ ಹೆಸರಿನಲ್ಲಿ ಕೂತಿದೆ. ಇದಕ್ಕಿಂತ ದೊಡ್ಡ ಅರ್ಥ ಯಾವ ಹೆಸರಿಗೆ ಬೇಕು?

ಕೊಡಗಿನ ಹಳೆಯ ಹೆಸರುಗಳಲ್ಲಿ ಚಿನ್ನ, ಬೆಳ್ಳಿ, ಮುತ್ತು, ಹೂವಿಗೆ ಬರವಿಲ್ಲ. ಚಿನ್ನಪ್ಪ, ತಂಗಮ್ಮ, ಬೆಳ್ಯಪ್ಪ, ಮುತ್ತಣ್ಣ, ಮುತ್ತಮ್ಮ, ಪೂವಮ್ಮ. ತಂಗಮ್ಮನ ತಂಗವೂ ಚಿನ್ನವೇ, ತಮಿಳು ಮಲಯಾಳಗಳಲ್ಲಿ ಇವತ್ತಿಗೂ ಅದೇ ಮಾತು. ಮನೆಯ ಮಗುವನ್ನು ಬೆಲೆಬಾಳುವ ವಸ್ತುವಿನ ಹೆಸರಿನಿಂದ ಕರೆಯುವ ಆಸೆ ಎಲ್ಲ ನಾಡಿನಲ್ಲೂ ಇದೆ. ಲ್ಯಾಟಿನ್ನಿನ ಆರೇಲಿಯಾ ಅಂದರೆ ಹೊನ್ನಿನವಳು. ಪಾರ್ಸಿಯ ಜರೀನಾದಲ್ಲಿರುವ ‘ಜರ್’ ಕೂಡ ಚಿನ್ನ, ನಮ್ಮ ಸೀರೆಯ ಜರಿ ಅದರದ್ದೇ ಸಂಬಂಧಿ. ಮಾರ್ಗರೆಟ್ ಎಂಬ ಹೆಸರು ಗ್ರೀಕಿನ ‘ಮಾರ್ಗರೀಟೆಸ್’ನಿಂದ ಬಂದದ್ದು, ಅರ್ಥ ಮುತ್ತು. ಇಂಗ್ಲೆಂಡಿನ ಮಾರ್ಗರೆಟ್ ನಮ್ಮ ಮುತ್ತಮ್ಮನೇ. ಫ್ಲೋರಾ ಪೂವಮ್ಮನೇ. ಹೆಸರು ಹಳತಾಯಿತು ಎನ್ನುವ ಸೊಸೆಗೆ ನಮ್ಮ ಓಟಗಾರ್ತಿ ಎಂ. ಆರ್. ಪೂವಮ್ಮನನ್ನು ನೆನಪಿಸಿ. 2014ರಲ್ಲಿ, ಮತ್ತೆ 2018ರಲ್ಲಿ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ತಂದವರು. ಆ ಹೆಸರನ್ನು ಮೈಕಿನಲ್ಲಿ ಕೂಗಿದಾಗ ಯಾರಿಗೂ ಅದು ಹಳತು ಅನ್ನಿಸಲಿಲ್ಲ.

ಇನ್ನು ಸೊಸೆ ಆರಿಸಿದ ಹೆಸರು. ನೀವು ಬರೆದು ಕಳಿಸಿದ್ದನ್ನು ಆಪ್ಟೆಯವರ ಸಂಸ್ಕೃತ ನಿಘಂಟಿನಲ್ಲಿ ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕಿದೆ, ಅಂಥ ಶಬ್ದ ಅಲ್ಲಿಲ್ಲ. ಮೊಬೈಲ್‌ನ ಹೆಸರುಪಟ್ಟಿಗಳಲ್ಲಿ ಇದು ಮಾಮೂಲು. ಕಿವಿಗೆ ಇಂಪಾದ ಎರಡಕ್ಷರ ಜೋಡಿಸಿ ಪಕ್ಕದಲ್ಲಿ ‘ಸಂಸ್ಕೃತ’ ಎಂದು ಬರೆದುಬಿಡುತ್ತಾರೆ. ಇಂಪಾಗಿದೆ ಎಂಬುದಕ್ಕೇ ಆ ಹೆಸರು ಇಷ್ಟವಾದರೆ ಧಾರಾಳವಾಗಿ ಇಡಲಿ, ಅರ್ಥದ ಕಾರಣಕ್ಕೆ ಇಡುವುದಾದರೆ ನಿಘಂಟು ನೋಡಿ ಇಡಲಿ.

ನನ್ನ ಸಲಹೆ ಕೇಳಿದಿರಿ, ಹೇಳುತ್ತೇನೆ. ಹೆತ್ತವಳ ಮಾತಿಗೆ ತೂಕ ಹೆಚ್ಚು, ಅವಳ ಮೇಲೆ ಹೇರಬೇಡಿ. ಆದರೆ ನಿಮ್ಮ ಅತ್ತೆ ಎಂಥವರಾಗಿದ್ದರು, ಆ ಮನೆಯನ್ನು ಹೇಗೆ ನಡೆಸಿದರು ಎಂಬುದನ್ನು ಒಂದು ಸಂಜೆ ಕೂತು ಅವಳಿಗೆ ಹೇಳಿ. ಪೊನ್ನಮ್ಮ ಯಾರೆಂದೇ ತಿಳಿಯದವಳಿಗೆ ಆ ಹೆಸರು ಬರೀ ಹಳೆಯ ಶಬ್ದ. ಅವಸರವೂ ಬೇಡ. ಜನನವನ್ನು ನೋಂದಾಯಿಸಿದ್ದರೆ ಸಾಕು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಪ್ರಶ್ನೆ: ಟೀಚರ್, ನಾನು ಬಿ.ಎ. ಓದುತ್ತಿದ್ದೇನೆ. ನಮ್ಮ ತಾತ ಸುಳ್ಯದ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು, ಹೆಸರು ತನಿಯ. ಕಾಲೇಜಿನ ಅರ್ಜಿಯಲ್ಲಿ ಬರೆದಾಗ ಗೆಳೆಯರು ನಕ್ಕರು. ಅದು ನಿಜವಾಗಿಯೂ ಹೆಸರೇ? (ಸುಂಟಿಕೊಪ್ಪ)

ಉತ್ತರ: ಹೆಸರೇ ಮಗಾ, ಬಹಳ ಒಳ್ಳೆಯ ಹೆಸರು. ನಕ್ಕವರಿಗೆ ಈ ಪುಟವನ್ನು ತೋರಿಸು.

ನಮ್ಮಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದರು. ರಾತ್ರಿ ಮನೆಗೆ ತಂದು ಲೆಕ್ಕ ಕೂಡುತ್ತಿದ್ದ ಚೆಕ್‌ರೋಲನ್ನು (ಆಳುಗಳ ಹಾಜರಿ ಪುಸ್ತಕ) ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಉದ್ದನೆಯ ಪುಸ್ತಕ, ಎಡಗಡೆ ಆಳುಗಳ ಹೆಸರು, ಬಲಕ್ಕೆ ತಿಂಗಳ ತಾರೀಕುಗಳ ಸಣ್ಣ ಸಣ್ಣ ಮನೆ, ಪೂರ್ತಿ ದಿನಕ್ಕೊಂದು ಗುರುತು, ಅರ್ಧ ದಿನಕ್ಕೊಂದು. ಎಡಗಡೆಯ ಸಾಲಿನಲ್ಲಿ ಐತ, ಚೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಆಳುಗಳಿದ್ದ ಸಾಲುಮನೆಯಲ್ಲಿ, ಒಂದೇ ಲೈನ್ ಮನೆಯಲ್ಲಿ ಇಬ್ಬರು ತುಕ್ರರಿದ್ದರೆ ಅಪ್ಪ ‘ದೊಡ್ಡ’, ‘ಸಣ್ಣ’ ಎಂದು ಸೇರಿಸುತ್ತಿದ್ದರು. ಇದು ವಾರದ ಪಟ್ಟಿ ಎಂದು ಅವರೇ ತೋರಿಸಿಕೊಟ್ಟದ್ದು. ಐತಾರ, ಅಂದರೆ ಭಾನುವಾರ ಹುಟ್ಟಿದವನು ಐತ. ಸೋಮವಾರದವನು ಚೋಮ. ತುಳುವಿನಲ್ಲಿ ಮಂಗಳವಾರ ಅಂಗಾರೆ, ಅವತ್ತಿನ ಮಗ ಅಂಗಾರ. ಬುಧವಾರ ಬೂದ, ಗುರುವಾರ ಗುರುವ. ಶುಕ್ರ ತುಳುವರ ಬಾಯಲ್ಲಿ ತುಕ್ರನಾದ, ಶನಿ ತನಿಯನಾದ. ನಿನ್ನ ತಾತ ಹುಟ್ಟಿದ್ದು ಶನಿವಾರ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಅವರ ತಾಯಿ ಹುಟ್ಟಿದ ದಿನವನ್ನು ಮಗನ ಹೆಸರಿನಲ್ಲೇ ಬರೆದಿಟ್ಟಳು.

ಈಗ ಕುಶಾಲನಗರ ದಾಟಿ ಬೈಲುಕುಪ್ಪೆಗೆ ಹೋಗು. 1961ರಲ್ಲಿ ಅಲ್ಲಿ ನೆಲೆ ನಿಂತ ಟಿಬೆಟನ್ನರಲ್ಲೂ ವಾರದ ಹೆಸರುಗಳಿವೆ. ಭಾನುವಾರ ನಿಮಾ, ಸೋಮವಾರ ದಾವಾ, ಬುಧವಾರ ಲಾಕ್ಪಾ, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ. ನಿಮಾ ಅಂದರೆ ಸೂರ್ಯ, ದಾವಾ ಅಂದರೆ ಚಂದ್ರ, ಪೆಂಬಾ ಅಂದರೆ ಶನಿ. ನಿನ್ನ ತಾತನೂ ಪೆಂಬಾ ಎಂಬ ಹೆಸರಿನ ಟಿಬೆಟನ್ ಅಜ್ಜನೂ ಒಂದೇ ಹೆಸರಿನವರು. ಆಫ್ರಿಕದ ಘಾನಾ ದೇಶದ ಅಕಾನ್ ಜನರಲ್ಲೂ ಇದೇ ಪದ್ಧತಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು, ಶುಕ್ರವಾರ. ಶುಕ್ರವಾರದ ಗಂಡುಮಗು ಅವರಲ್ಲಿ ಕೋಫಿ. ನಮ್ಮ ತುಳುವಿನಲ್ಲಿ ಅವರು ತುಕ್ರ. ಇಡೀ ಜಗತ್ತು ಆ ಹೆಸರನ್ನು ಗೌರವದಿಂದ ಹೇಳಿತು, ನಮ್ಮೂರಿನ ತುಕ್ರನ ಹೆಸರು ಕೇಳಿ ಮಾತ್ರ ನಗು ಬರುತ್ತದೆ. ನಗು ಬರುವುದು ಆ ಹೆಸರಿಟ್ಟುಕೊಂಡವರು ಕೂಲಿ ಮಾಡಿದರು ಎಂಬ ಕಾರಣಕ್ಕೆ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ. ಶಾಲೆಗೆ ಸೇರಿಸುವಾಗ ಇಂಥ ಹೆಸರುಗಳನ್ನು ಹೊಡೆದುಹಾಕಿ ಸುರೇಶ, ದಿನೇಶ ಎಂದು ಬರೆದ ದಾಖಲಾತಿ ಪುಸ್ತಕಗಳನ್ನು ನೋಡಿದ್ದೇನೆ. ತಂದೆ ತಾಯಿಯನ್ನು ಒಂದು ಮಾತು ಕೇಳದೆ ಬರೆದವು ಅವು.

ಅರ್ಜಿಯಲ್ಲಿ ತಾತನ ಹೆಸರನ್ನು ಪೂರ್ತಿ ಬರಿ. ನಿನ್ನ ಅಜ್ಜಿಯ ಹೆಸರನ್ನೂ ಕೇಳಿ ನೋಡು. ಹೆಣ್ಣುಮಕ್ಕಳಿಗೂ ಐತೆ, ಚೋಮು, ತುಕ್ರು ಎಂದು ವಾರದ ಹೆಸರಿಡುತ್ತಿದ್ದರು.

ಪ್ರಶ್ನೆ: ಕೊಡಗಿನ ಅರಸನ ಮಗಳು ಗೌರಮ್ಮನಿಗೆ ‘ವಿಕ್ಟೋರಿಯಾ’ ಎಂಬ ಹೆಸರು ಹೇಗೆ ಬಂತು? (ಮಡಿಕೇರಿ, ಪಿಯುಸಿ ವಿದ್ಯಾರ್ಥಿನಿ)

ಉತ್ತರ: 1834ರಲ್ಲಿ ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡು ಚಿಕ್ಕವೀರರಾಜೇಂದ್ರನನ್ನು ಗಡೀಪಾರು ಮಾಡಿದರು. ಮುಂದೆ ಅವನು ಮಗಳೊಂದಿಗೆ ಇಂಗ್ಲೆಂಡಿಗೆ ಹೋದ. 1852ರಲ್ಲಿ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ವಿಕ್ಟೋರಿಯಾ ಲ್ಯಾಟಿನ್ ಮಾತು, ವಿಜಯ ಎಂದರ್ಥ. ರಾಜ್ಯ ಸೋತ ಮನೆಯ ಹುಡುಗಿಗೆ ಗೆದ್ದವರು ಇಟ್ಟ ಹೆಸರು ವಿಜಯಾ. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತಿತ್ತು. ಆದರೂ ಗೌರಮ್ಮ ಎಂಬುದು ಅಳಿಯಲಿಲ್ಲ, ಎರಡೂ ಸೇರಿ ವಿಕ್ಟೋರಿಯಾ ಗೌರಮ್ಮ ಎಂದೇ ಚರಿತ್ರೆಯಲ್ಲಿ ಉಳಿದಳು. ಅವಳು ತೀರಿಕೊಂಡದ್ದು 1864ರಲ್ಲಿ.

ಪ್ರಶ್ನೆ: ಪಕ್ಕದ ತೋಟದವರು ಕೇರಳದಿಂದ ಬಂದ ಕ್ರೈಸ್ತರು, ಹೆಸರು ವರ್ಗೀಸ್. ಬೈಬಲಿನಲ್ಲಿ ಆ ಹೆಸರು ಕಾಣಲಿಲ್ಲವಲ್ಲ? (ಸಿದ್ದಾಪುರ)

ಉತ್ತರ: ಅದು ಸಂತನೊಬ್ಬನ ಹೆಸರು. ಜಾರ್ಜ್ ಎಂಬುದು ಸಿರಿಯಾಕ್ ಭಾಷೆಯಲ್ಲಿ ಗೀವರ್ಗೀಸ್ ಆಗಿ, ಮಲಯಾಳದಲ್ಲಿ ವರ್ಗೀಸ್ ಆಯಿತು. ಮೂಲ ಗ್ರೀಕಿನಲ್ಲಿ ‘ಗೇ’ ಅಂದರೆ ಭೂಮಿ, ‘ಎರ್ಗೊನ್’ ಅಂದರೆ ಕೆಲಸ. ಭೂಮಿಯಲ್ಲಿ ಕೆಲಸ ಮಾಡುವವನು, ರೈತ. ಕಾಫಿ, ಮೆಣಸು ಬೆಳೆಯುವವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಚಾಕೋ ಎಂದರೆ ಯಾಕೋಬ, ಮತ್ತಾಯಿ ಎಂದರೆ ಮತ್ತಾಯ. ವಿರಾಜಪೇಟೆಯ ಕೊಂಕಣಿ ಕ್ರೈಸ್ತರ ಮನೆತನದ ಹೆಸರುಗಳು ಬೇರೆ ದಾರಿಯಲ್ಲಿ, ಗೋವೆಯ ಪೋರ್ಚುಗೀಸರಿಂದ ಬಂದವು. ಲೋಬೊ ಅಂದರೆ ತೋಳ, ಪೆರೇರಾ ಅಂದರೆ ಪೇರ್ ಹಣ್ಣಿನ ಮರ, ಫೆರ್ನಾಂಡಿಸ್ ಅಂದರೆ ಫೆರ್ನಾಂಡೊನ ಮಗ.

ಪ್ರಶ್ನೆ: ನಾನು ಕೊಡವ, ಬೆಂಗಳೂರಿನಲ್ಲಿ ಕೆಲಸ. ವಿದೇಶಕ್ಕೆ ಹೋದಾಗ ಮನೆಪೆದ (ಮನೆತನದ ಹೆಸರು), ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಕಲಸಿಹೋಗಿ ಅಪ್ಪನ ಹೆಸರಿನಿಂದ ನನ್ನನ್ನು ಕರೆಯುತ್ತಾರೆ. ಮಗನಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಮನೆಪೆದ ಬಿಟ್ಟುಬಿಡಲೇ? (ನಾಪೋಕ್ಲು ಮೂಲದ ಓದುಗರು)

ಉತ್ತರ: ದಯವಿಟ್ಟು ಬಿಡಬೇಡಿ. ಜನರಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಇಬ್ಬರ ಹೆಸರನ್ನೂ ದೇಶ ಬಲ್ಲದು. ಒಬ್ಬರು ಕೆ. ಎಂ., ಇನ್ನೊಬ್ಬರು ಕೆ. ಎಸ್. ಆ ಎರಡು ಕೆ ಒಂದೇ ಎಂದು ಎಷ್ಟು ಜನಕ್ಕೆ ಗೊತ್ತು? ಕೋದಂಡೇರ ಮಾದಪ್ಪ ಕಾರ್ಯಪ್ಪ, ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ. ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು. ಒಕ್ಕದ ಹೆಸರನ್ನು ಒಂದಕ್ಷರಕ್ಕೆ ಇಳಿಸಿದರೆ ಈ ಸಂಬಂಧವೇ ಕಾಣದೆ ಹೋಗುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮೈದಾನಕ್ಕಿಳಿಯುವುದು ಈ ಒಕ್ಕಗಳೇ. ನಿಮ್ಮ ಮಗ ನಾಳೆ ಯಾವ ತಂಡಕ್ಕೆ ಆಡಬೇಕು?

ಮನೆತನದ ಹೆಸರು ಮೊದಲು ಬರುವುದು ಕೊಡಗಿನ ವಿಚಿತ್ರವೂ ಅಲ್ಲ. ಚೀನಾ, ಜಪಾನ್, ಕೊರಿಯಾಗಳಲ್ಲೂ ಯೂರೋಪಿನ ಹಂಗೇರಿಯಲ್ಲೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಮನೆತನದ ಹೆಸರನ್ನೇ ಮುಂದಿಡಬೇಕೆಂದು ಜಪಾನ್ ಸರ್ಕಾರ 2020ರಿಂದ ತನ್ನ ಕಾಗದಪತ್ರಗಳಲ್ಲಿ ಜಾರಿಗೆ ತಂದಿದೆ.

ಅರ್ಜಿ ತುಂಬುವುದು ಹೀಗೆ. ‘ಸರ್‌ನೇಮ್’ ಎಂದಿರುವಲ್ಲಿ ಮನೆಪೆದವನ್ನು ಪೂರ್ತಿ ಬರೆಯಿರಿ, ‘ಗಿವನ್ ನೇಮ್’ ಎಂದಿರುವಲ್ಲಿ ಮಗನ ಹೆಸರು ಮಾತ್ರ. ತಂದೆಯ ಹೆಸರಿಗೆ ಅರ್ಜಿಯಲ್ಲಿ ಬೇರೆ ಜಾಗ ಇದ್ದೇ ಇದೆ, ಅದನ್ನು ಮಗನ ಹೆಸರಿಗೆ ಅಂಟಿಸುವುದರಿಂದಲೇ ಗೊಂದಲ ಹುಟ್ಟುವುದು. ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಲ್ಲಿ ತಡೆ ಹಾಕಿದಾಗ ಭೇಟಿಗೆಂದು ಹೊರಟ ಎಷ್ಟೋ ಮಂದಿಗೆ ತೊಂದರೆಯಾಯಿತು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಮನೆಪೆದದ ಇಂಗ್ಲಿಷ್ ಕಾಗುಣಿತ ಒಂದೇ ಇರುವಂತೆ ಈಗಲೇ ಸರಿಪಡಿಸಿಕೊಳ್ಳಿ. ಒಂದೇ ಒಕ್ಕದ ಅಣ್ಣತಮ್ಮಂದಿರು ಮೂರು ಥರ ಬರೆದುಕೊಂಡಿರುವುದು ಕೊಡಗಿನಲ್ಲಿ ಸಾಮಾನ್ಯ. ಅಪ್ಪನ ಕಾಗದಗಳಲ್ಲಿ ಹೇಗಿದೆಯೋ ಹಾಗೆಯೇ ಮಗನದ್ದೂ ಇರಲಿ.