ಗಾಲಿಕುರ್ಚಿಯ ಅಣ್ಣ, ಅವನನ್ನು ನೋಡಿಕೊಳ್ಳುವ ತಂಗಿ: ನನ್ನ ಮಕ್ಕಳ ಕಥೆ ಬರೀ ಉಪದೇಶ ಆಗಿದೆಯಂತೆ. ಹೇಗೆ ತಿದ್ದಲಿ?

ದೊಡ್ಡವರು 'ಒಳ್ಳೆಯ ನೀತಿ ಇದೆ' ಅಂದರು, ಮಕ್ಕಳು ಆಕಳಿಸಿದರು ಅಂತ ಬರೆದಿದ್ದೀರಿ. ನನ್ನ ಕಥೆಗೂ ಅದೇ ಗತಿಯಾಗಿತ್ತು.

ನಮ್ಮದು ತೀರ್ಥಹಳ್ಳಿ ಕಡೆ. ತಮ್ಮನಿಗೆ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಮಾತು ನಿಧಾನ, ಬುದ್ಧಿ ನನಗಿಂತ ಒಂದು ಕೈ ಮೇಲೆ. ಮೊದಲ ಕರಡನ್ನು ಜಗಲಿಯಲ್ಲಿ ಕೂತು ಅವನಿಗೇ ಓದಿದೆ. ಕೇಳಿ ಅಂದ: "ಅಕ್ಕಾ, ಇದ್ರಲ್ಲಿ ನಾನು ಎಂತ ಮಾಡ್ತೀನಿ? ಬರೀ ಕೂತ್ಕಂಡು ನೆಗಾಡ್ತೀನಲ್ಲ ಮಾರಾಯ್ತಿ."

ಹೌದು, ಹನ್ನೆರಡು ಪುಟದಲ್ಲಿ ಅವನು ಒಂದು ಸುಳ್ಳು ಹೇಳಿರಲಿಲ್ಲ, ಯಾರ ಮೇಲೂ ರೇಗಿರಲಿಲ್ಲ. ನಿಜದ ತಮ್ಮ ನನ್ನ ಪಾಲಿನ ಹಲಸಿನ ಹಪ್ಪಳ ಕದ್ದು ದಿಂಬಿನಡಿ ಇಡುವವನು! ಅದನ್ನು ಸೇರಿಸಿದೆ. ನನ್ನ ಹೊಟ್ಟೆಕಿಚ್ಚನ್ನೂ ಸೇರಿಸಿದೆ: ಅಮ್ಮ ಅವನನ್ನು ಫಿಸಿಯೋಥೆರಪಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ ದಿನವೇ ನನ್ನ ಶಾಲೆಯ ನಾಟಕ, ಮನೆಯಿಂದ ಒಬ್ಬರೂ ಬರಲಿಲ್ಲ. ಬರೆಯುವಾಗ ನಾಚಿಕೆಯಾಯ್ತು. ಪಕ್ಕದ ಮನೆ ಮಕ್ಕಳು ಕಿವಿ ನಿಮಿರಿಸಿದ್ದು ಮಾತ್ರ ಅಲ್ಲೇ.

ದೊಡ್ಡ ತಿದ್ದುಪಡಿ ಆದದ್ದು ಸಂಕದ ಹತ್ತಿರ, ಅಂದರೆ ಹಳ್ಳ ದಾಟುವ ಕಾಲುಸೇತುವೆಯ ಹತ್ತಿರ. ಹಳೆಯ ಸಾಲು: 'ಪಾಪ, ತಮ್ಮನಿಗೆ ಹಳ್ಳ ದಾಟಲು ಆಗುತ್ತಿರಲಿಲ್ಲ.' ಹೊಸದು: 'ಸಂಕಕ್ಕೆ ಎರಡೇ ಅಡಿಕೆ ಮರ. ಹಿಡಿದುಕೊಳ್ಳಲು ಏನೂ ಇರಲಿಲ್ಲ.' ತಪ್ಪು ಕಾಲಿನದಲ್ಲ, ಸಂಕದ್ದು ಅಂತಾದ ಕೂಡಲೇ ಕಥೆಗೆ ಕೆಲಸ ಸಿಕ್ಕಿತು. ಬಿದಿರಿನ ಗಳ ಕಟ್ಟಬೇಕು. ಅಕ್ಕ ತನ್ನ ಎತ್ತರಕ್ಕೆ ಕಟ್ಟುತ್ತಾಳೆ. 'ನಾನು ಬಗ್ಗಿ ನಡೆಯೋದು ಕಾಣಲ್ವಾ, ಬಿಚ್ಚು' ಅಂತ ಅವನು ಬಯ್ಯುತ್ತಾನೆ. ಆಷಾಢದ ಮಳೆ, ಕಾಲಿಗೆ ಉಂಬಳ (ಜಿಗಣೆ), ಇಬ್ಬರಿಗೂ ಜಗಳ. ಇನ್ನೇನು ಬೇಕು?

ನಿಮಗೆ ನನ್ನ ಪ್ರಶ್ನೆ: ನಿಮ್ಮ ಕಥೆಯ ಅಣ್ಣನಿಗೆ ಇರುವುದು ಏನು? ಗಾಲಿಕುರ್ಚಿ ಅನ್ನುವುದು ಉತ್ತರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೇ 21 ಬಗೆಗಳಿವೆ. ಸ್ನಾಯುಕ್ಷಯ ಇರುವವನ ಕೈ ವರ್ಷ ಕಳೆದಂತೆ ಸೋಲುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ. ಅವನು ಲೋಟ ಹಿಡಿಯುವ ರೀತಿ ಇದರಿಂದಲೇ ಬದಲಾಗುತ್ತದೆ. ಮನೆಯ ಮುಂದಿನ ಜಂಬಿಟ್ಟಿಗೆ ಮೆಟ್ಟಿಲನ್ನು ಆ ಕುರ್ಚಿ ಹೇಗೆ ಹತ್ತುತ್ತದೆ ಅಂತಲೂ ಯೋಚಿಸಿ. ಕೊನೆಗೆ ಹರಕೆ ಫಲಿಸಿ ಎದ್ದು ನಡೆದ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.

ಮೊನ್ನೆ ನಾಲ್ಕನೇ ಕರಡು ತಮ್ಮನಿಗೆ ಓದಿದೆ. ಹಪ್ಪಳ ಕದ್ದದ್ದು ಸುಳ್ಳು, ತೆಗಿ ಅಂದ. ತೆಗೆದಿಲ್ಲ.